ಗಜನಿಯ ಕಗ್ಗ, ನಮ್ಮ ಸೋನಾ ಮಸೂರಿ ಚೀಲ

2023ರ ಜುಲೈ ಕೊನೆಯ ವಾರ ನಮ್ಮಲ್ಲಿ ಅನೇಕರಿಗೆ ಇನ್ನೂ ನೆನಪಿದೆ. ಜುಲೈ 20ರಂದು ಭಾರತ ಸರ್ಕಾರ ಬಾಸ್ಮತಿಯಲ್ಲದ ಬೆಳ್ತಿಗೆ ಅಕ್ಕಿಯ ರಫ್ತು ನಿಲ್ಲಿಸಿತು ಅಂತ ಸುದ್ದಿ ಬಂತು. ಕೆಲಸ ಮುಗಿಸಿ ಆಬರ್ನ್ ಹಿಲ್ಸ್‌ನಿಂದ ಎಂ-59 ಹಿಡಿದು ಮನೆಗೆ ಹೊರಟವರೆಲ್ಲ ದಾರಿಯಲ್ಲೇ ದಿನಸಿ ಅಂಗಡಿಗೆ ನುಗ್ಗಿದೆವು. ಒಳಗೆ ಹೋದರೆ ಸೋನಾ ಮಸೂರಿ ಇಡುವ ಜಾಗ ಖಾಲಿ, ಹಿಂದಿನಿಂದ ತಂದ ನಾಲ್ಕು ಚೀಲಕ್ಕೆ ಹತ್ತು ಗಾಡಿ ಸಾಲು. ಮನೆಗೊಂದೇ ಚೀಲ ಅಂತ ಚೀಟಿ ಅಂಟಿಸಿದ್ದರು. ನಮ್ಮಲ್ಲೊಬ್ಬರು ಹೆಂಡತಿಯನ್ನು ಬೇರೆ ಸಾಲಿನಲ್ಲಿ ನಿಲ್ಲಿಸಿ ಎರಡು ಚೀಲ ತಂದರು. ಹೆಸರು ಬೇಡ, ಆ ಅಕ್ಕಿಯ ಪುಳಿಯೋಗರೆಯನ್ನು ಗಣೇಶನ ಹಬ್ಬಕ್ಕೆ ನಾವೆಲ್ಲ ತಿಂದಿದ್ದೇವೆ.

ಕುಚ್ಚಲಕ್ಕಿ ಉಣ್ಣುವ ಕರಾವಳಿಯವರು ಆಗ ಸ್ವಲ್ಪ ನಕ್ಕರು, ಯಾಕಂದ್ರೆ ನಿಷೇಧ ಇದ್ದದ್ದು ಬೆಳ್ತಿಗೆಗೆ ಮಾತ್ರ. ಆ ನಗು ಒಂದು ತಿಂಗಳು ನಡೆಯಿತು. ಆಗಸ್ಟಿನಲ್ಲಿ ಕುಚ್ಚಲಕ್ಕಿಯ ಮೇಲೂ ನೂರಕ್ಕೆ 20ರಷ್ಟು ರಫ್ತು ಸುಂಕ ಬಿತ್ತು. ಬೆಳ್ತಿಗೆಯ ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್ ಕೊನೆಗೆ.

ನಾವು ಇಲ್ಲಿ ಚೀಲ ಎಣಿಸುತ್ತಿದ್ದಾಗ ಊರಲ್ಲಿ ಏನಾಗುತ್ತಿತ್ತು ಅನ್ನೋದನ್ನ ಆಮೇಲೆ ಯೋಚಿಸಿದೆವು. ಆ ವರ್ಷ ಎಲ್ ನಿನೊ ಭಯ ಇತ್ತು, ದೇಶದೊಳಗೆ ಅಕ್ಕಿ ಬೆಲೆ ಏರುತ್ತಿತ್ತು. ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ 195 ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಪಟ್ಟಿ ಬೆಳೆಯುತ್ತಾ ಹೋಗಿ 236ರಲ್ಲಿ 223 ತಾಲೂಕು ಅದರೊಳಗೆ ಸೇರಿದವು. ಕೆಆರ್‌ಎಸ್ ತುಂಬಲಿಲ್ಲ, ಮಂಡ್ಯದ ಕಡೆಯವರ ಫೋನೆಲ್ಲ ನೀರಿನ ಮಾತೇ. ಮರುವರ್ಷ ಮಳೆ ಚೆನ್ನಾಗಿ ಬಂತು, ತುಂಗಭದ್ರಾ ಭರ್ತಿಯಾಯಿತು. ಆದರೆ 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯ್ತು. ವಾರದೊಳಗೆ ತಾತ್ಕಾಲಿಕ ಗೇಟು ಇಳಿಸುವಷ್ಟರಲ್ಲಿ ತುಂಬಿದ ನೀರು ಎಷ್ಟೋ ಹೊಳೆಪಾಲು. ಗಂಗಾವತಿ, ಸಿಂಧನೂರು ಕಡೆಯವರು ಆ ವಾರ ಇಲ್ಲಿ ನಿದ್ದೆ ಮಾಡಲಿಲ್ಲ. ನಮ್ಮ ಚೀಲದ ಅಕ್ಕಿ ಬಹಳಷ್ಟು ಬರುವುದು ಆ ಕಾಲುವೆ ನೀರಿನ ಗದ್ದೆಗಳಿಂದಲೇ.

ಹೀಗಿರುವಾಗ ಈ ವರ್ಷದ ಯುಗಾದಿ ಊಟದ ದಿನ ನಮ್ಮ ಬಳಗದಲ್ಲಿ ಒಂದು ಮಾತು ಎದ್ದಿತು. ಎತ್ತಿದವರು ಕುಮಟಾ ತಾಲೂಕಿನವರು, ಇಲ್ಲಿ ಗಾಡಿ ಕಂಪನಿಯೊಂದಕ್ಕೆ ಕಾಂಟ್ರಾಕ್ಟಿನ ಮೇಲೆ ಕೆಲಸ ಮಾಡುವವರು. "ನಮ್ಮನೆ ಗಜನಿಯನ್ನು ವರ್ಷಪೂರ್ತಿ ಸಿಗಡಿ ಸಾಕೋರಿಗೆ ಕೊಡೋಣ ಅಂತ ಅಣ್ಣ ಹೇಳ್ತಾನೆ. ಅಪ್ಪಂಗೆ ಇಷ್ಟ ಇಲ್ಲ. ನನ್ನ ಮಾತು ಯಾವ ಕಡೆ ಬೀಳ್ತದೋ ಆ ಕಡೆ ತೀರ್ಮಾನ. ನಾನೇ ಹೋದ ವರ್ಷ ಅಪ್ಪಂಗೆ 'ಆ ಕಗ್ಗ ಬಿತ್ತೋದು ಬಿಟ್ಹಾಕಿ, ಎಂತಕ್ಕೆ ಒದ್ದಾಡ್ತೀರಿ' ಅಂದಿದ್ದೆ. ಈಗ ಏನು ಹೇಳಲಿ?"

ಕಗ್ಗ ಅಂದ ಕೂಡಲೇ ಮೈಸೂರು ಕಡೆಯವರು ಮಂಕುತಿಮ್ಮನನ್ನು ನೆನೆದರು. ಇದು ಆ ಕಗ್ಗ ಅಲ್ಲ, ಭತ್ತದ ತಳಿ. ಅದರ ವಿಷಯ ಕೇಳುತ್ತಾ ಹೋದ ಹಾಗೆ ಹೋಳಿಗೆ ತಣ್ಣಗಾಯ್ತು. ಅವತ್ತು ಕೇಳಿದ್ದು, ಆಮೇಲೆ ನಾವು ಓದಿ, ಊರಿಗೆ ಫೋನು ಮಾಡಿ ತಿಳಿದದ್ದು, ಎರಡನ್ನೂ ಈ ಸಂಚಿಕೆಗೆ ಬರೆದಿದ್ದೇವೆ.

ಅಘನಾಶಿನಿ ನದಿ ಶಿರಸಿಯಲ್ಲಿ ಹುಟ್ಟಿ, ಘಟ್ಟ ಇಳಿದು, ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ. ಅದಕ್ಕೆ ಅಣೆಕಟ್ಟೆ ಇಲ್ಲ. ಸಮುದ್ರ ಸೇರುವ ಮೊದಲು ಹೊಳೆ ಅಗಲವಾಗಿ ಹರಡಿಕೊಂಡು ದೊಡ್ಡ ಅಳಿವೆಯಾಗುತ್ತದೆ. ದಿನಕ್ಕೆ ಎರಡು ಸಲ ಭರತದಲ್ಲಿ ಉಪ್ಪುನೀರು ಒಳಗೆ ಬರುತ್ತೆ, ಇಳಿತದಲ್ಲಿ ಹೊರಗೆ ಹೋಗುತ್ತೆ. ಕಾಂಡ್ಲಾ ಗಿಡಗಳು, ಬಳಚು ಹೆಕ್ಕುವ ಹೆಂಗಸರು, ಸಾಣಿಕಟ್ಟಾದ ಉಪ್ಪಿನ ಆಗರ, ಎಲ್ಲ ಇಲ್ಲೇ. 2024ರ ಜನವರಿಯಲ್ಲಿ ಈ ಅಳಿವೆಗೆ ರಾಮ್‌ಸಾರ್ ತಾಣ ಅನ್ನೋ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಅಳಿವೆಯ ದಂಡೆಯಲ್ಲಿರುವ ತಗ್ಗು ಗದ್ದೆಗಳಿಗೇ ಗಜನಿ ಅನ್ನೋದು. ಹೊಳೆಗೂ ಗದ್ದೆಗೂ ನಡುವೆ ಮಣ್ಣಿನ ಕಟ್ಟೆ. ಕಟ್ಟೆಯಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲು, ಅದಕ್ಕೆ ಜಂತ್ರಡಿ ಅಂತಾರೆ. ಇಳಿತದಲ್ಲಿ ತೆಗೆದು ಒಳಗಿನ ನೀರು ಹೊರಗೆ ಬಿಡೋದು, ಭರತದಲ್ಲಿ ಮುಚ್ಚೋದು. ಸಮುದ್ರದ ಲೆಕ್ಕ ಗೊತ್ತಿದ್ದವನೇ ಅಲ್ಲಿ ರೈತ.

ಅಂಥ ಉಪ್ಪು ಮಣ್ಣಿನಲ್ಲಿ ನಮ್ಮ ಸೋನಾ ಮಸೂರಿ ಹಾಕಿದರೆ ವಾರದಲ್ಲಿ ಎಲೆ ತುದಿ ಸುಟ್ಟುಹೋಗುತ್ತೆ. ಕಗ್ಗ ಬದುಕುತ್ತೆ. ಬೇಸಿಗೆಯಲ್ಲಿ ಗಜನಿಯ ನೀರು ಬಸಿದು ನೆಲ ಒಣಗಿಸುತ್ತಾರೆ. ಮುಂಗಾರಿನ ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ಒಂದಷ್ಟು ತೊಳೆದ ಮೇಲೆ, ಮೊಳಕೆ ಬರಿಸಿದ ಬೀಜವನ್ನು ಚೆಲ್ಲುತ್ತಾರೆ. ಸಸಿ ಮಡಿ ಇಲ್ಲ, ನಾಟಿ ಇಲ್ಲ. ಗೊಬ್ಬರ ಇಲ್ಲ, ಔಷಧಿ ಇಲ್ಲ, ಕಳೆ ತೆಗೆಯೋದೂ ಇಲ್ಲವೇ ಇಲ್ಲ ಅನ್ನಬಹುದು. ಗಟ್ಟಿ ಮಳೆ ಬಂದು ಹೊಳೆ ಏರಿದರೆ ಪೈರು ದಿನಗಟ್ಟಲೆ ನೀರಿನಡಿ ಇರುತ್ತೆ. ನೀರು ಇಳಿದ ಮೇಲೆ ಮತ್ತೆ ತಲೆ ಎತ್ತುತ್ತೆ. ಆಳೆತ್ತರ ಬೆಳೆಯುವ ಈ ಭತ್ತವನ್ನು ಅಕ್ಟೋಬರ್, ನವೆಂಬರಿನಲ್ಲಿ ಕೊಯ್ಯುತ್ತಾರೆ. ಕರಿ ಕಗ್ಗ, ಬಿಳಿ ಕಗ್ಗ ಅಂತ ಎರಡು ಬಗೆ. ಕೊಯ್ಲಾದ ಮೇಲೆ ಜಂತ್ರಡಿ ತೆಗೆದು ಉಪ್ಪುನೀರು ಒಳಗೆ ಬಿಟ್ಟರೆ, ನೀರಿನ ಜೊತೆ ಮೀನು, ಸಿಗಡಿ ಮರಿಗಳು ಬರುತ್ತವೆ. ಕೊಳೆಯುವ ಕೂಳೆ ತಿಂದು ಬೆಳೆಯುತ್ತವೆ. ಮಳೆಗಾಲಕ್ಕೆ ಅನ್ನ, ಬೇಸಿಗೆಗೆ ಮೀನು. ಕೇರಳದ ಪೊಕ್ಕಾಳಿ, ಕಣ್ಣೂರು ಕಾಸರಗೋಡಿನ ಕೈಪಾಡ್ ಇದರದೇ ಅಣ್ಣತಮ್ಮಂದಿರು.

ಇಷ್ಟು ಒಳ್ಳೆಯ ಏರ್ಪಾಡು ಯಾಕೆ ಕೆಟ್ಟಿತು? 1970ರ ದಶಕದಲ್ಲಿ ಸರ್ಕಾರ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಗಟ್ಟಿ ಕಟ್ಟೆಗಳನ್ನು ಕಟ್ಟಿಸಿತು. ಉದ್ದೇಶ ಒಳ್ಳೆಯದೇ, ಉಪ್ಪುನೀರು ತಡೆದು ಭತ್ತ ಉಳಿಸೋದು. ಆದರೆ ಹಿಂದೆ ಊರವರೇ ವರ್ಷವರ್ಷ ಸೇರಿ ಮಣ್ಣು ಮೆತ್ತುತ್ತಿದ್ದ ಕಟ್ಟೆ ಈಗ ಸರ್ಕಾರದ್ದಾಯ್ತು. ಎಲ್ಲರ ಕೆಲಸ ಯಾರ ಕೆಲಸವೂ ಅಲ್ಲದ ಹಾಗಾಯ್ತು. ಗಜನಿಯ ಮೀನಿಗೆ ಒಳ್ಳೆ ಬೆಲೆ ಬಂದು, ಮೀನಿನ ಹಕ್ಕನ್ನು ಹರಾಜು ಹಾಕಿ ಗುತ್ತಿಗೆ ಕೊಡೋದು ಶುರುವಾಯ್ತು. 1990ರ ದಶಕದಲ್ಲಿ ಸಿಗಡಿ ಸಾಕಣೆಯ ಅಲೆ ಬಂತು. ಸಿಗಡಿ ಬೇಕಾದವನಿಗೆ ವರ್ಷಪೂರ್ತಿ ಉಪ್ಪುನೀರು ಬೇಕು, ಭತ್ತ ಬೇಕಾದವನಿಗೆ ಮಳೆಗಾಲದಲ್ಲಿ ಸಿಹಿನೀರು ಬೇಕು. ದುಡ್ಡು ಯಾವ ಕಡೆ ಇತ್ತೋ ಬಾಗಿಲು ಆ ಕಡೆ ತೆರೆಯಿತು. ಆಮೇಲೆ ಬಿಳಿ ಚುಕ್ಕೆ ರೋಗ ಬಂದು ದೇಶದ ಕರಾವಳಿಯಲ್ಲೆಲ್ಲ ಸಿಗಡಿ ಸತ್ತವು. ಆ ಹೊತ್ತಿಗೆ ಎಷ್ಟೋ ಗಜನಿಗಳಲ್ಲಿ ಬಿತ್ತೋ ಅಭ್ಯಾಸವೇ ತಪ್ಪಿಹೋಗಿತ್ತು, ಬೀಜವೂ ಮನೆಯಲ್ಲಿ ಉಳಿದಿರಲಿಲ್ಲ.

ಇಲ್ಲಿ ಒಂದು ವಿಷಯ ನಮಗೆ ಹೊಸದು. ಮಂಡ್ಯದಲ್ಲಿ ನಿಮ್ಮ ಗದ್ದೆ ಪಾಳು ಬಿಟ್ಟರೆ ಪಕ್ಕದವನ ಗದ್ದೆಗೆ ಒಂದಿಷ್ಟು ಕಳೆ, ಇಲಿ ಹೋಗಬಹುದು ಅಷ್ಟೇ. ಗಜನಿ ಹಾಗಲ್ಲ. ಒಂದು ಕಟ್ಟೆಯೊಳಗೆ ಹತ್ತಾರು ಮನೆಯವರ ಪಾಲು ಇರುತ್ತೆ, ಜಂತ್ರಡಿ ಎಲ್ಲರಿಗೂ ಒಂದೇ. ಪಾಲುದಾರರಲ್ಲಿ ಹೆಚ್ಚಿನವರು ಸಿಗಡಿಗೆ ಒಪ್ಪಿದರೆ ಉಪ್ಪುನೀರು ಉಳಿದವರ ಪೈರಿಗೂ ನುಗ್ಗುತ್ತೆ. ಬೆಂಗಳೂರು, ಮುಂಬಯಿ, ಮಿಶಿಗನ್ನಿನಲ್ಲಿ ಕೂತ ಪಾಲುದಾರರು "ಏನಾದ್ರೂ ಮಾಡ್ಕೊಳ್ಳಿ" ಅಂದರೆ ಅದೂ ಒಂದು ಮತವೇ, ಮತ್ತು ಅದು ಬೀಳೋದು ಗುತ್ತಿಗೆದಾರನ ಕಡೆಗೆ. ಅದೇ ಕುಮಟಾ ತಾಲೂಕಿನ ಮಾಣಿಕಟ್ಟಾದಲ್ಲಿ ರೈತರು ಒಟ್ಟಾಗಿ ನಿಂತು ಕಗ್ಗ ಬೆಳೆಯುತ್ತಾ ಬಂದದ್ದರಿಂದಲೇ ಇವತ್ತು ಬಿತ್ತನೆಗೆ ಬೀಜ ಅಂತ ಉಳಿದಿರೋದು.

ಬೀಜ ಹೀಗೆ ಉಳಿಸಿಕೊಂಡು ಬಂದದ್ದು ಕುಮಟಾದವರು ಮಾತ್ರ ಅಲ್ಲ. ಕುಮಟಾದಿಂದ ಘಟ್ಟ ಹತ್ತಿದರೆ ವರದಾ ನದಿಯ ಬಯಲು, ಸಾಗರ, ಸೊರಬ ತಾಲೂಕುಗಳು. ಅಲ್ಲಿ ಮಳೆಗಾಲದಲ್ಲಿ ಗದ್ದೆಗಳು ವಾರಗಟ್ಟಲೆ ಕೆರೆಯಾಗಿರುತ್ತವೆ. ಅದಕ್ಕಂತಲೇ ನೆರೆಗುಳಿ, ಎಡಿಕುಣಿ, ಜಡ್ಡು ಭತ್ತ ಅಂತ ತಳಿಗಳಿದ್ದವು. ಧಾರವಾಡ, ಖಾನಾಪುರ, ಹಳಿಯಾಳದ ಸೆರಗಿನಲ್ಲಿ ಒಣಮಣ್ಣಿಗೇ ಕೂರಿಗೆಯಲ್ಲಿ ಬಿತ್ತುವ ಭತ್ತ. ದಕ್ಷಿಣದ ಮಳೆಯಾಶ್ರಿತ ಹೊಲಗಳಲ್ಲಿ ದೊಡ್ಡ ಬೈರನೆಲ್ಲು. ಹೆಸರು ಕೇಳಿದರೆ ಸಾಕು, ಯಾವ ಮಣ್ಣಿಗೆ, ಯಾವ ಕಷ್ಟಕ್ಕೆ ಅಂತ ಅರ್ಧ ತಿಳಿಯುತ್ತೆ. ಮಳವಳ್ಳಿ ತಾಲೂಕಿನ ಕಿರುಗಾವಲಿನ ಸೈಯದ್ ಘನಿ ಖಾನ್ ತಮ್ಮ ಜಮೀನಿನಲ್ಲಿ ಸಾವಿರಕ್ಕೂ ಮೀರಿ ಭತ್ತದ ತಳಿಗಳನ್ನು ಬೆಳೆಸಿ ಉಳಿಸಿದ್ದಾರೆ. ಬೆಳ್ತಂಗಡಿಯ ಬಿ.ಕೆ. ದೇವರಾಯರದೂ ಅದೇ ಹಾದಿ. ಬೆಂಗಳೂರಿನ ಸಹಜ ಸಮೃದ್ಧ ಸಂಸ್ಥೆ ಇಂಥ ರೈತರನ್ನು ಒಂದೆಡೆ ಸೇರಿಸಿ ದೇಸಿ ಭತ್ತದ ಬೀಜ ಹಂಚುವ ಕೆಲಸ ಮಾಡುತ್ತಾ ಬಂದಿದೆ.

ನಮಗೆ ಬಹಳ ಹಿಡಿಸಿದ್ದು ಕಾಸರಗೋಡು ಜಿಲ್ಲೆಯ ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿಯವರ ದಾರಿ. 650ಕ್ಕೂ ಹೆಚ್ಚು ತಳಿ ಉಳಿಸಿದ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಅಷ್ಟು ತಳಿಗೆ ಗದ್ದೆ ಎಲ್ಲಿಂದ ತರೋದು? ಅವರು ಗ್ರೋ ಬ್ಯಾಗಿನಲ್ಲಿ ಮಣ್ಣು ತುಂಬಿ, ತಳಿಗೊಂದು ಚೀಲದಂತೆ ಭತ್ತ ಬೆಳೆಯುತ್ತಾರೆ. ಬರ ತಡೆಯುವ ರಾಜಕಯಮೆ ತಳಿಯನ್ನು ಅವರು ಕರ್ನಾಟಕ, ಕೇರಳ, ತಮಿಳುನಾಡಿಗೆಲ್ಲ ಹಬ್ಬಿಸಿದರು. ಅನೇಕರು ಕಾಳನ್ನು ತಂಪು ಕೋಣೆಯಲ್ಲಿಟ್ಟರೆ ಸಾಕಲ್ಲ ಅಂತಾರೆ. ಅದೂ ಬೇಕು. ಆದರೆ ಕೋಣೆಯಲ್ಲಿ ಕೂತ ಬೀಜಕ್ಕೆ ಈ ವರ್ಷದ ಬಿಸಿಲು, ಈ ವರ್ಷದ ಹುಳ ಗೊತ್ತಿಲ್ಲ. ಪ್ರತಿ ವರ್ಷ ಬಿತ್ತಿ, ಒಳ್ಳೆ ತೆನೆ ಆರಿಸಿ ತೆಗೆದಿಟ್ಟಾಗಲೇ ತಳಿ ಕಾಲದ ಜೊತೆ ನಡೆಯೋದು.

ಹಾಗಂತ ವಿಜ್ಞಾನಿಗಳ ಹೊಸ ತಳಿ ಬೇಡ, ಅಜ್ಜನ ಬೀಜ ಒಂದೇ ಸಾಕು ಅನ್ನೋರ ಪಕ್ಷ ನಾವಲ್ಲ. ಬಳಗದಲ್ಲಿ ಈ ಬಗ್ಗೆ ಜೋರು ವಾದವೇ ಆಯ್ತು. ಕೊಪ್ಪಳದ ಕಡೆಯ ಸ್ನೇಹಿತರೊಬ್ಬರು, "ರೀ, ಎರಡು ಎಕರೆ ಗದ್ದೆ, ಮೂರು ಲಕ್ಷ ಸಾಲ ಇರೋನಿಗೆ ಇಳುವರಿ ಕಡಿಮೆ ಬರೋ ಬೀಜ ಹಾಕು ಅಂತ ಹೇಳೋಕೆ ನಿಮಗೆ ಬಾಯಿ ಹ್ಯಾಂಗ್ ಬರತೈತ್ರಿ?" ಅಂತ ಕೇಳಿದರು. ಮಾತು ಸರಿ. ಕಗ್ಗದ ಇಳುವರಿ ಕಡಿಮೆಯೇ, ಅದನ್ನು ಮುಚ್ಚಿಡಬಾರದು.

ಆದರೆ ಹೊಸ ತಳಿಗಳ ಬೇರು ಎಲ್ಲಿದೆ ನೋಡಿ. ಒಡಿಶಾದ ರೈತರ ಒಂದು ಹಳೆ ಭತ್ತದಿಂದ ಆರಿಸಿದ್ದು ಎಫ್‌ಆರ್13ಎ. ಸಾಮಾನ್ಯ ಭತ್ತ ನೀರಲ್ಲಿ ಮುಳುಗಿದಾಗ ಉಸಿರಿಗಾಗಿ ಮೇಲಕ್ಕೆ ಬೆಳೆಯಲು ಹೋಗಿ, ಇದ್ದಬದ್ದ ಶಕ್ತಿ ಕಳೆದುಕೊಂಡು ಸಾಯುತ್ತೆ. ಎಫ್‌ಆರ್13ಎ ಮಾತ್ರ ಮುಸುಕು ಹೊದ್ದು ಮಲಗಿದವರಂತೆ ಸುಮ್ಮನಿದ್ದು, ನೀರು ಇಳಿದ ಮೇಲೆ ಏಳುತ್ತೆ. ಆ ಗುಣದ ಜೀನನ್ನು ಸಬ್1 ಅಂತ ಗುರುತಿಸಿ 2006ರಲ್ಲಿ ಪ್ರಕಟಿಸಿದರು. ಅದನ್ನು ನಮ್ಮವರು ಬಹಳ ಬೆಳೆಯುವ ಸ್ವರ್ಣ ತಳಿಗೆ ಸೇರಿಸಿದರು. 2009ರಲ್ಲಿ ಭಾರತದಲ್ಲಿ ಬಿಡುಗಡೆಯಾದ ಸ್ವರ್ಣ-ಸಬ್1 ಎರಡು ವಾರ ಮುಳುಗಿದರೂ ಬದುಕಬಲ್ಲದು. ಇನ್ನು ಉಪ್ಪು ತಡೆಯುವ ಗುಣಕ್ಕೆ ಜಗತ್ತಿನ ಪ್ರಯೋಗಾಲಯಗಳು ಬಳಸುತ್ತಿರುವ ಸಾಲ್ಟಾಲ್ ಅನ್ನೋದು ಬಂದದ್ದು ಪೊಕ್ಕಾಳಿಯಿಂದ. ಅಳಿವೆಯಲ್ಲಿ ಮೊಣಕಾಲು ಕೆಸರಿನಲ್ಲಿ ನಿಂತು ತಲೆಮಾರುಗಟ್ಟಲೆ ಬೀಜ ಆರಿಸಿದವರ ಕೆಲಸವೇ ಇವತ್ತು ಕಂಪ್ಯೂಟರ್ ಪರದೆ ಮೇಲೆ ಬೇರೆ ಹೆಸರಲ್ಲಿ ಕಾಣುತ್ತಿದೆ. ಕಗ್ಗದಲ್ಲಿ ಏನೇನಿದೆಯೋ, ಅದು ಬೇಕಾಗುವ ಹೊತ್ತಿಗೆ ಬೀಜ ಇರಬೇಕಲ್ಲ.

ನಮ್ಮ ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳೂ ಸುಮ್ಮನೆ ಕೂತಿಲ್ಲ. ಬೆಂಗಳೂರಿನ ಜಿಕೆವಿಕೆಯಲ್ಲಿ ಶೈಲಜಾ ಹಿಟ್ಟಲಮನಿ ಮತ್ತು ಜೊತೆಗಾರರು ರಾಗಿ, ಜೋಳದಂತೆ ಒಣಗದ್ದೆಯಲ್ಲಿ ಬೆಳೆಯುವ ಏರೋಬಿಕ್ ಭತ್ತದ ತಳಿಗಳನ್ನು ತಂದರು. ಶಾರದಾ ಅನ್ನೋ ಹೆಸರಿನ ಎಂಎಎಸ್ 946-1 ಅವುಗಳಲ್ಲಿ ಮೊದಲನೆಯದು. ಗದ್ದೆಯಲ್ಲಿ ನೀರು ನಿಲ್ಲಿಸಿ ಬೆಳೆದರೆ ಒಂದು ಕೆಜಿ ಭತ್ತಕ್ಕೆ ಸರಾಸರಿ 2500 ಲೀಟರ್ ನೀರು ಬೇಕು ಅಂತ ಲೆಕ್ಕ. ಏರೋಬಿಕ್ಕಿನಲ್ಲಿ ಅದರ ಅರ್ಧದ ಸುಮಾರಿಗೆ ಆಗುತ್ತೆ. ತುಂಗಭದ್ರಾ ಬಯಲಲ್ಲಿ ನಾಟಿ ಬಿಟ್ಟು ಟ್ರ್ಯಾಕ್ಟರ್ ಕೂರಿಗೆಯಲ್ಲಿ ನೇರ ಬಿತ್ತನೆ ಮಾಡೋರು ಹೆಚ್ಚಾಗಿದ್ದಾರೆ. ಕಾಲುವೆ ನೀರು ತಡವಾದರೂ ಬಿತ್ತಬಹುದು, ನಾಟಿ ಆಳಿನ ಕೂಲಿ ಉಳಿಯುತ್ತೆ. ಕಳೆ ಮಾತ್ರ ತಲೆನೋವು. ಧಾರವಾಡದ ಅಜ್ಜಂದಿರು ಕೂರಿಗೆಯಲ್ಲಿ ಮಾಡುತ್ತಿದ್ದದ್ದೇ ಇದು, ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ.

2025ರ ಮೇ 4ರಂದು ದೆಹಲಿಯಲ್ಲಿ ಕೇಂದ್ರ ಕೃಷಿ ಸಚಿವರು ಜೀನೋಮ್ ಎಡಿಟಿಂಗಿನಿಂದ ಮಾಡಿದ ಎರಡು ಭತ್ತದ ತಳಿ ಘೋಷಿಸಿದ್ದನ್ನು ನೀವು ಓದಿರಬಹುದು. ಒಂದು ಕಮಲಾ, ನಮ್ಮ ಕಡೆ ಬಿಪಿಟಿ ಅಂತ ಕರೆಯುವ ಸಾಂಬಾ ಮಸೂರಿಯಿಂದ ಬಂದದ್ದು, ಸುಮಾರು ಇಪ್ಪತ್ತು ದಿನ ಮೊದಲೇ ಕೊಯ್ಲಿಗೆ ಬರುತ್ತೆ ಅಂತಾರೆ. ಇನ್ನೊಂದು ಪೂಸಾ ಡಿಎಸ್‌ಟಿ ರೈಸ್ 1, ಬರ ಮತ್ತು ಉಪ್ಪು ತಡೆಯೋದಕ್ಕೆ. ಒಳ್ಳೇದೇ ಆಗಲಿ. ಬೀಜದ ಹಕ್ಕು ಯಾರದು, ರೈತ ತನ್ನ ಕಣಜದಿಂದಲೇ ಮರುವರ್ಷ ಬಿತ್ತಬಹುದಾ ಅನ್ನೋದನ್ನ ಊರಿನವರು ಈಗಲೇ ಕೇಳಿಟ್ಟುಕೊಳ್ಳಬೇಕು ಅಂತ ನಮ್ಮ ಅಭಿಪ್ರಾಯ.

ಬಿಸಿಲಿನ ಮಾತೂ ಹೇಳಿಬಿಡೋಣ. ಹೂ ಬಿಡುವ ಹೊತ್ತಿಗೆ 35 ಡಿಗ್ರಿ ದಾಟಿದರೆ ಭತ್ತ ಕಾಳು ಕಟ್ಟದೆ ಜೊಳ್ಳಾಗುತ್ತೆ. ಹಗಲಿಗಿಂತ ರಾತ್ರಿಯ ಸೆಕೆ ಹೆಚ್ಚು ಕಳ್ಳ. ಫಿಲಿಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆಗಳಲ್ಲಿ ವರ್ಷಗಟ್ಟಲೆ ಲೆಕ್ಕ ಇಟ್ಟು ನೋಡಿದಾಗ, ರಾತ್ರಿಯ ತಾಪ ಒಂದು ಡಿಗ್ರಿ ಏರಿದರೆ ಇಳುವರಿ ನೂರಕ್ಕೆ ಹತ್ತರಷ್ಟು ಇಳಿದದ್ದು ಕಂಡಿತು, 2004ರಲ್ಲಿ ಅದು ಪ್ರಕಟವಾಯಿತು. "ಈಗ ರಾತ್ರಿನೂ ಫ್ಯಾನ್ ಬೇಕಪ್ಪ" ಅಂತ ಅಮ್ಮ ಫೋನಿನಲ್ಲಿ ಅನ್ನುವಾಗ ನಾವು ಎಸಿ ಹಾಕಿಸಿಕೊಡೋ ಯೋಚನೆ ಮಾಡ್ತೀವಿ. ಗದ್ದೆಗೂ ಅದೇ ರಾತ್ರಿ.

ನಾವಿರುವ ಈ ಮಿಶಿಗನ್ನಿಗೂ ತನ್ನದೇ ಕಗ್ಗ ಇದೆ ಅಂತ ಈ ಲೇಖನಕ್ಕೆ ಓದುವಾಗಲೇ ನಮಗೆ ಗೊತ್ತಾದದ್ದು. ಹೆಸರು ಮನೂಮಿನ್. ಅಂಗಡಿಯಲ್ಲಿ ವೈಲ್ಡ್ ರೈಸ್ ಅಂತ ಸಿಗುವ ಉದ್ದನೆಯ ಕಪ್ಪು ಕಾಳಿನ ಜಾತಿ. ಸಸ್ಯಶಾಸ್ತ್ರದ ಪ್ರಕಾರ ನಮ್ಮ ಭತ್ತಕ್ಕೆ ಇದು ದೂರದ ನೆಂಟ ಮಾತ್ರ. ಇಲ್ಲಿನ ಮೂಲನಿವಾಸಿಗಳಾದ ಅನಿಶಿನಾಬೆ ಜನಕ್ಕೆ ಇದು ಬರೀ ಊಟ ಅಲ್ಲ. ನೀರಿನ ಮೇಲೆ ಅನ್ನ ಬೆಳೆಯುವ ಜಾಗ ಸಿಗುವವರೆಗೆ ನಡೆಯಿರಿ ಅನ್ನೋ ಮಾತಿನ ಮೇಲೆ ತಮ್ಮ ಹಿರಿಯರು ಪೂರ್ವದಿಂದ ಈ ಕೆರೆಗಳ ಸೀಮೆಗೆ ಬಂದರು ಅಂತ ಅವರ ಕಥೆ. ದೋಣಿಯಲ್ಲಿ ಕೂತು, ಒಂದು ಕೋಲಿನಿಂದ ತೆನೆ ಬಗ್ಗಿಸಿ, ಇನ್ನೊಂದರಿಂದ ಮೆಲ್ಲಗೆ ತಟ್ಟಿ ಕಾಳು ಉದುರಿಸುತ್ತಾರೆ. ಒಂದಷ್ಟು ಕಾಳು ನೀರಿಗೇ ಬೀಳಬೇಕು, ಅದೇ ಮುಂದಿನ ವರ್ಷದ ಬೀಜ. ನಮ್ಮ ಭತ್ತದ ಹಾಗೆ ಈ ಬೀಜವನ್ನು ಒಣಗಿಸಿ ಮುಡಿ ಕಟ್ಟಿಡಲಿಕ್ಕೆ ಬರೋದಿಲ್ಲ, ಒಣಗಿದರೆ ಸಾಯುತ್ತೆ. ಕೆರೆ ನೀರು ಏರಿಳಿದರೂ, ದಂಡೆಯಲ್ಲಿ ಮನೆಗಳೆದ್ದರೂ ಅದಕ್ಕೆ ಕಷ್ಟ. 2023ರಲ್ಲಿ ಮಿಶಿಗನ್ ರಾಜ್ಯ ಮನೂಮಿನ್ನನ್ನು ತನ್ನ ಅಧಿಕೃತ ನಾಡಧಾನ್ಯ ಅಂತ ಮಾಡಿತು. ನಾವು ಅಕ್ಕಿ ಚೀಲಕ್ಕೆ ಸಾಲು ನಿಂತ ಅದೇ ವರ್ಷ.

ಬೇಳೇರಿಯವರ ಗ್ರೋ ಬ್ಯಾಗ್ ವಿಷಯ ಹೇಳಿದಾಗ ನಮ್ಮಲ್ಲಿ ಇಬ್ಬರು, "ಹಂಗಾದ್ರೆ ಈ ಸಲ ಊರಿಂದ ಒಂದು ಹಿಡಿ ಕಗ್ಗ ತಂದು ಹಿತ್ತಲಲ್ಲಿ ಬಕೆಟ್ಟಲ್ಲಿ ಹಾಕೋಣ್ವಾ?" ಅಂತ ಕೇಳಿದರು. ದಯವಿಟ್ಟು ಬೇಡ. ಸಿಪ್ಪೆ ಇರುವ ಭತ್ತವನ್ನು ಪರವಾನಗಿ ಇಲ್ಲದೆ ಅಮೆರಿಕಕ್ಕೆ ತರುವ ಹಾಗಿಲ್ಲ, ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದರೆ ದಂಡ. ವೀಸಾ ಮೇಲಿರುವವರಿಗೆ ಅಂಥ ತಂಟೆ ಯಾಕೆ? ತಂದರೂ ಬೆಳೆಯಲ್ಲ. ನಮ್ಮ ಹಳೆ ಮಳೆಗಾಲದ ತಳಿಗಳು ಬಹುಪಾಲು ಹಗಲು ಗಿಡ್ಡವಾದಾಗಲೇ ಹೂ ಬಿಡೋದು. ಇಲ್ಲಿ ಜೂನಿನಲ್ಲಿ ಹದಿನೈದು ಗಂಟೆ ಹಗಲು. ಅದು ಸೆಪ್ಟೆಂಬರಿನವರೆಗೆ ಹುಲ್ಲಾಗಿಯೇ ನಿಂತು, ತೆನೆ ತೆಗೆಯೋ ಹೊತ್ತಿಗೆ ಅಕ್ಟೋಬರಿನ ಇಬ್ಬನಿ ಹೆಪ್ಪುಗಟ್ಟಿ ಸುಟ್ಟುಹೋಗುತ್ತೆ. ಊರಿನ ಬೀಜ ಊರಲ್ಲೇ ಬದುಕಬೇಕು.

ಹಾಗಾದರೆ ಇಲ್ಲಿ ಕೂತ ನಮ್ಮಿಂದ ಏನಾಗುತ್ತೆ? ಕಗ್ಗ ಬೆಳೆಯೋರ ಕಷ್ಟ ಕೇಳಿದರೆ ಮೊದಲು ಬರೋದು ಕಟ್ಟೆ ರಿಪೇರಿ. ಏಡಿ ತೂತು ಕೊರೆದು ಸಣ್ಣ ಬಿರುಕು ಬಿಟ್ಟರೆ ಒಂದು ಭರತಕ್ಕೆ ಗಜನಿ ಪೂರ್ತಿ ಹಾಳು. ಎರಡನೆಯದು ಆಳು. ಮೂರನೆಯದು ಬೆಲೆ. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2369 ರೂಪಾಯಿ. ಗೊಬ್ಬರ ಸುರಿದು ಎಕರೆಗೆ ಹೆಚ್ಚು ಬೆಳೆಯೋನಿಗೂ ಅದೇ, ಉಪ್ಪುನೀರಲ್ಲಿ ಏನೂ ಹಾಕದೆ ಬೆಳೆದವನಿಗೂ ಅದೇ. ಹೀಗಾಗಿ ಕಗ್ಗವನ್ನು ಬೇರೆ ಅಕ್ಕಿ ಅಂತ ಗುರುತಿಸಿ ಕೊಳ್ಳುವವರು ಬೇಕು. ನಮ್ಮ ಅಪ್ಪ ಅಮ್ಮ, ಅತ್ತೆ ಮಾವ ಊರಲ್ಲಿ ತಿಂಗಳಿಗೆ ಇಪ್ಪತ್ತೈದು ಕೆಜಿ ಪಾಲಿಶ್ ಅಕ್ಕಿ ಕೊಳ್ಳುತ್ತಾರೆ, ಎಷ್ಟೋ ಮನೆಗಳಲ್ಲಿ ಅದರ ದುಡ್ಡು ನಮ್ಮದೇ. ಅದರಲ್ಲಿ ಐದು ಕೆಜಿ ಅಲ್ಲಿನ ರೈತರ ಕಗ್ಗವೋ ರಾಜಮುಡಿಯೋ ರಾಜಕಯಮೆಯೋ ಆಗಬಹುದಲ್ಲ? ಸಕ್ಕರೆ ಕಾಯಿಲೆ ವಾಸಿಯಾಗುತ್ತೆ ಅಂತ ವಾಟ್ಸಾಪಿನಲ್ಲಿ ಬರೋದನ್ನ ನಂಬಿಕೊಂಡು ಕೊಳ್ಳಬೇಡಿ, ಅನ್ನ ಅನ್ನವೇ. ಗಂಜಿ ರುಚಿ ಅಂತ ಕೊಳ್ಳಿ.

ಜಮೀನು ಇರುವವರು ಈ ಸಲ ಫೋನು ಮಾಡಿದಾಗ "ಎಷ್ಟು ಚೀಲ ಆಯ್ತು?" ಅನ್ನೋದರ ಜೊತೆ "ಯಾವ ಬೀಜ ಹಾಕಿದ್ದೀರಿ? ಹಳೇ ಬೀಜ ಒಂದು ಮೂಲೆಯಲ್ಲಾದರೂ ಇದೆಯಾ?" ಅಂತ ಕೇಳಿ. ಬೆಳೆ ವಿಮೆ ಕಟ್ಟಿದ್ದಾರಾ ಅಂತಲೂ ಕೇಳಿ. ಮುಂಗಾರಿಗೆ ರೈತನ ಪಾಲಿನ ಕಂತು ವಿಮೆ ಮೊತ್ತದ ನೂರಕ್ಕೆ ಎರಡರಷ್ಟೇ, ಕೊನೆ ದಿನಾಂಕ ಮರೆತು ಕಳೆದುಕೊಳ್ಳೋರೇ ಬಹಳ.

ಕುಮಟಾದ ನಮ್ಮ ಸ್ನೇಹಿತರ ಮನೆಯ ತೀರ್ಮಾನ ಅಷ್ಟು ಸಲೀಸಾಗಿ ಆಗಲಿಲ್ಲ. ಅವರ ಕಾಂಟ್ರಾಕ್ಟು ಡಿಸೆಂಬರಿಗೆ ಮುಗಿಯುತ್ತೆ, ಮುಂದುವರಿಯುತ್ತೋ ಇಲ್ಲವೋ ಗೊತ್ತಿಲ್ಲ. ಕೆಲಸ ಹೋದರೆ ಎಚ್-1ಬಿಯವರಿಗೆ ಇರೋದು 60 ದಿನ. ಅಂಥ ಹೊತ್ತಲ್ಲಿ ಗುತ್ತಿಗೆದಾರ ಮುಂಗಡ ಕೊಡ್ತೀನಿ ಅಂದ ದುಡ್ಡು ಸಣ್ಣದಲ್ಲ. ಬೆಂಗಳೂರಿನಲ್ಲಿರುವ ಅಣ್ಣ, "ತಮಾ, ಡಾಲರಿನಲ್ಲಿ ಕೂತು ಹೇಳೂದು ಸಸಾರ. ಕಟ್ಟೆ ಒಡೆದ ರಾತ್ರಿ ಅಪ್ಪನ ಸಂತಿಗೆ ಬ್ಯಾಟ್ರಿ ಹಿಡ್ಕಂಡು ನೀ ಬತ್ಯಾ?" ಅಂತ ಕೇಳಿದರಂತೆ. ಅದಕ್ಕೆ ಇವರ ಹತ್ತಿರ ಉತ್ತರ ಇರಲಿಲ್ಲ, ನಮ್ಮ ಹತ್ತಿರವೂ ಇಲ್ಲ.

ಕೊನೆಗೆ ಒಂದು ವರ್ಷದ ಮಟ್ಟಿಗೆ ಒಪ್ಪಂದ ಆಗಿದೆ. ಮಳೆಗಾಲಕ್ಕೆ ಕಗ್ಗ, ಕೊಯ್ಲಾದ ಮೇಲೆ ಬೇಸಿಗೆಗೆ ಮಾತ್ರ ಮೀನಿನ ಗುತ್ತಿಗೆ. ಕಟ್ಟೆ ಕೆಲಸಕ್ಕೆ ಇವರ ಪಾಲಿನ ದುಡ್ಡು ಇಲ್ಲಿಂದ. ಪಾಲುದಾರರಲ್ಲಿ ಇನ್ನೂ ಎರಡು ಮನೆಯವರು ಗಲ್ಫಿನಲ್ಲಿದ್ದಾರೆ, ಅವರಿಗೂ ಇವರೇ ಫೋನು ಮಾಡಿ ಮಾತಾಡಿದರು. ಒಬ್ಬರು ಹೂಂ ಅಂದಿದ್ದಾರೆ, ಇನ್ನೊಬ್ಬರು ನೋಡೋಣ ಅಂದಿದ್ದಾರೆ. ಮನೆಯಲ್ಲಿ ಬೀಜ ಸಾಲದೆ ಅಪ್ಪ ಪಕ್ಕದ ಊರಿನಿಂದ ತಂದರು.

2025ರಲ್ಲಿ ಮುಂಗಾರು ಮೇ ತಿಂಗಳಲ್ಲೇ ಕರಾವಳಿಗೆ ಬಂದುಬಿಟ್ಟಿತು. ಗಜನಿ ಸರಿಯಾಗಿ ಒಣಗುವ ಮೊದಲೇ ಮಳೆ. ಒಂದು ರಾತ್ರಿ ಒಂಬತ್ತೂವರೆಗೆ, ಅಲ್ಲಿ ಬೆಳಗಿನ ಏಳು, ನಮ್ಮೆದುರೇ ಅವರು ಫೋನು ಹಚ್ಚಿದರು. ಹಿಂದೆ ಮಳೆಯ ಸದ್ದು.

"ಅಪ್ಪ, ಬೀಜ ಚೆಲ್ಲಿ ಆಯ್ತಾ?"

"ಆಯ್ತು, ನಿನ್ನೆಗೆ. ಮಳಿ ಬಿಡ್ಲೇ ಇಲ್ಲ, ಎಂತ ಮಾಡೂದು. ಒಂದ್ ಬದಿ ನೀರು ನಿಂತದೆ."

"ಹುಟ್ಟತದಾ?"

"ಕಗ್ಗ ಅಲ್ದಾ, ನೋಡ್ವ. ನೀ ಉಂಡ್ಯಾ?"